ಇಷ್ಟಪಟ್ಟವರು ತಪ್ಪು ಹೇಳಬಾರದಾ?

ಟಿ.ಎನ್. ಸೀತಾರಾಮ್ ಅವರ ಟಿವಿ ಧಾರಾವಾಹಿ 'ಮುಕ್ತ ಮುಕ್ತ' ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ. "ಕೋರ್ಟ್ ದೃಶ್ಯಗಳನ್ನು ತುಂಬಾ ಎಳೆದರು" ಅಂದರೆ ಸಾಕು, "ಹಾಗಾದ್ರೆ ಅತ್ತೆ-ಸೊಸೆ ಜಗಳ ನೋಡು ಹೋಗು" ಅಂತ ಅಭಿಮಾನಿಗಳು ಮೈಮೇಲೆ ಬೀಳುತ್ತಾರೆ. ಇದೆಂಥ ವಾದ! ಬೇರೆ ಧಾರಾವಾಹಿ ಕೆಟ್ಟದಾಗಿದ್ದರೆ ಇದರ ತಪ್ಪು ಮಾಯವಾಗುತ್ತದಾ?

ನನಗೂ ಅದು ಪ್ರಾಣ. ಸೀತಾರಾಮ್ ಅವರೇ ವಕೀಲ ಸಿಎಸ್‌ಪಿ ಆಗಿ ಪಾಟೀಸವಾಲಿಗೆ ಎದ್ದು ನಿಂತರೆ ನಮ್ಮ ಮನೆಯಲ್ಲಿ ಯಾರೂ ಅಲ್ಲಾಡುತ್ತಿರಲಿಲ್ಲ. ಕಾನೂನು, ರಾಜಕೀಯ ಎಲ್ಲ ಊಟದ ಹೊತ್ತಿನ ಮಾತಾಗಿದ್ದು ಆಗಲೇ. ಅದಕ್ಕೇ ಹೊಟ್ಟೆ ಉರಿಯುತ್ತದೆ. ಒಂದು ಪ್ರಶ್ನೆ ಕೇಳುತ್ತಾರೆ. ಸಾಕ್ಷಿಯ ಮುಖ, ಎದುರು ವಕೀಲರ ಮುಖ, ಮತ್ತೆ ಸಾಕ್ಷಿಯ ಮುಖ. ಅಷ್ಟರಲ್ಲಿ ಸಂಚಿಕೆ ಮುಗಿಯಿತು! ಉತ್ತರ ನಾಳೆ. ಅಷ್ಟು ಒಳ್ಳೆಯ ಸಂಭಾಷಣೆಯ ಬಿಸಿ ಸುಮ್ನೆ ಆರಿಹೋಗುತ್ತಿತ್ತು.

ಸೀತಾರಾಮ್ ಅವರ 1998ರ ಧಾರಾವಾಹಿ 'ಮಾಯಾಮೃಗ'ದಿಂದ ಜೊತೆಗೆ ಬಂದ ನೋಡುಗರು ನಾವು. ಅಷ್ಟು ಗಮನ ಕೊಟ್ಟು ನೋಡಿದವರಿಗೇ ಕೊರತೆ ಜಾಸ್ತಿ ಕಾಣುತ್ತದೆ, ಅಲ್ವಾ? ಬೈಯುವ ಮೊದಲು "ಯಾವ ದೃಶ್ಯ?" ಅಂತ ಒಮ್ಮೆ ಕೇಳಿ. ಆಮೇಲೆ ಬೇಕಾದಷ್ಟು ಜಗಳ ಆಡೋಣ.