ಬಾರು ಸೀಳಲು ಕಲಿಸದವರು ಹೆಣೆಯಲು ಏನು ಕಲಿಸುತ್ತಾರೆ?

ಈಗಷ್ಟೇ ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಬಂತು. ಮಡಿಕೇರಿ ಹತ್ತಿರದ ಯಾವುದೋ ಹೋಂಸ್ಟೇಯಲ್ಲಿ 'ರಾಹೈಡ್ ಬ್ರೇಡಿಂಗ್ ವರ್ಕ್‌ಶಾಪ್', ಅಂದರೆ ಹಸಿತೊಗಲಿನ ಬಾರು ಹೆಣೆಯುವ ತರಗತಿ. ಬೆಳಿಗ್ಗೆ ಹತ್ತಕ್ಕೆ ಶುರು, ಸಂಜೆ ನಾಲ್ಕಕ್ಕೆ ಮುಕ್ತಾಯ, ನಡುವೆ ಪಂದಿಕರಿ, ಕಡಂಬುಟ್ಟು. ಹೊಸಬರಿಗೆ ಸುಸ್ವಾಗತವಂತೆ. ಚಿತ್ರ ದೊಡ್ಡದು ಮಾಡಿ ನೋಡಿದೆ. ಮೇಜಿನ ಮೇಲೆ ಕಂದು, ಕೆಂಪು, ನೀಲಿ ಬಣ್ಣದ ಬಾರುಗಳು ಸಾಲಾಗಿ ಮಲಗಿವೆ. ಮಿಷನ್ನಿನಲ್ಲಿ ಕತ್ತರಿಸಿದವು, ಜಡೆಗೆ ಕಟ್ಟುವ ರಿಬ್ಬನ್ನಿನಷ್ಟು ಮೆತ್ತಗಿನವು.

ಮಾರಾಯ್ರೆ, ಅದು ರಾಹೈಡ್ ಅಲ್ಲ. ಹದ ಮಾಡಿದ ಚರ್ಮ. ಹಸಿತೊಗಲು ಅಂದರೆ ಕೂದಲು ತೆಗೆದು, ಮಾಂಸ ಕೆರೆದು, ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸಿದ್ದು, ಅಷ್ಟೇ. ಹದಕ್ಕೆ ಹಾಕುವ ತೊಗಟೆ, ರಸಾಯನ ಯಾವುದೂ ಅದಕ್ಕೆ ಸೋಕಿರುವುದಿಲ್ಲ. ಒಣಗಿದಾಗ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕು ಹಾಯುವಂತಾಗಿ, ಬಡಿದರೆ ಟಣ್ ಅನ್ನಬೇಕು. ನೀರು ಕುಡಿದಾಗ ಹಾಲುಬಣ್ಣ ಬಂದು ಬಾಗಬೇಕು. ಆ ಒಣಗುವ ಮತ್ತು ಬಾಗುವ ಎರಡು ಸ್ಥಿತಿಗಳ ನಡುವಿನ ಆಟವೇ ಈ ವಿದ್ಯೆ. ಬಣ್ಣದ ಬಾರು ಕೊಟ್ಟು ಇದನ್ನು ಕಲಿಸುತ್ತೇನೆ ಅನ್ನುವುದು, ಕಾಫಿ ಹುರಿಯುವುದು ಕಲಿಸುತ್ತೇವೆ ಬನ್ನಿ ಎಂದು ಕರೆದು ಇನ್‌ಸ್ಟಂಟ್ ಪುಡಿ ಕಲಸಿ ಕೊಟ್ಟ ಹಾಗೆ.

ನನ್ನ ತಕರಾರು ಒಂದೇ. ಹೆಣಿಗೆ ಈ ಕೆಲಸದ ಸಣ್ಣ ಪಾಲು, ಬಾರು ಸಿದ್ಧ ಮಾಡುವುದೇ ದೊಡ್ಡದು. ನಾಲ್ಕೆಳೆಯ ದುಂಡು ಹೆಣಿಗೆಯನ್ನು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಕಲಿಯಬಹುದು: ಹೊರಗಿನ ಎಳೆಯನ್ನು ಎರಡು ಎಳೆಗಳ ಹಿಂದಿನಿಂದ ತಂದು, ಒಂದರ ಮೇಲೆ ವಾಪಸ್ ತರುವುದು, ಆಮೇಲೆ ಇನ್ನೊಂದು ಬದಿಯಿಂದ ಅದೇ. ಇಷ್ಟಕ್ಕೆ ತೊಗಲು ಯಾಕೆ? ನಾಲ್ಕು ಬಣ್ಣದ ನೈಲಾನ್ ಹುರಿ ಸಾಕು. ಮನೆಯಲ್ಲೇ ಕೂತು ಕೈ ಪಳಗಿಸಿಕೊಳ್ಳಿ. ಹಣ ಕೊಟ್ಟು, ಒಬ್ಬರ ಎದುರು ಕೂತು ಕಲಿಯಬೇಕಾದದ್ದು ಅದಕ್ಕೂ ಮುಂಚಿನ ಕೆಲಸ.

ಆ ಮುಂಚಿನ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಪೋಸ್ಟರಿನವರು ಹೇಗೂ ಹೇಳುವುದಿಲ್ಲ. ಹೊಸಬರಿಗೆ ಆಡಿನ ತೊಗಲು ಒಳ್ಳೆಯದು. ತೆಳು, ಮಟನ್ ಅಂಗಡಿಯಲ್ಲೇ ಸಿಗುತ್ತದೆ. 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ ದನದ ತೊಗಲು ಹುಡುಕುವುದು ತಲೆನೋವು, ಆಡಿನದಾದರೆ ಅದಿಲ್ಲ. ಇಪ್ಪತ್ತು ಲೀಟರ್ ನೀರಿಗೆ ಸುಮಾರು ಒಂದು ಕಿಲೋ ಅರಳಿದ ಸುಣ್ಣ ಕದಡಿ, ಅದರಲ್ಲಿ ತೊಗಲು ನೆನೆಹಾಕಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ದಿನಕ್ಕೆ ಎರಡು ಸಲ ಕದಡಿದರೆ ನಾಲ್ಕರಿಂದ ಏಳು ದಿನದಲ್ಲಿ ಕೂದಲು ಬೆರಳಿಗೆ ಕಿತ್ತು ಬರುತ್ತದೆ. ಮಡಿಕೇರಿಯ ಚಳಿಯಲ್ಲಿ ಇನ್ನೊಂದೆರಡು ದಿನ ಹೆಚ್ಚು ಹಿಡಿಯಬಹುದು. ಕೂದಲು ಬೇಗ ಬರಲಿ ಎಂದು ಬಿಸಿನೀರು ಹೊಯ್ಯುವ ಜಾಣರಿದ್ದಾರೆ. ಒದ್ದೆ ತೊಗಲು 60 ಡಿಗ್ರಿ ಆಸುಪಾಸಿನಲ್ಲಿ ಕುಗ್ಗಿ, ಸುರುಟಿ, ಅಂಟಾಗುತ್ತದೆ. ಸುಣ್ಣದಲ್ಲಿ ನೆನೆದದ್ದು ಅದಕ್ಕೂ ಮುಂಚೆಯೇ ಕೆಡಬಹುದು. ಒಮ್ಮೆ ಹಾಗಾದರೆ ಮುಗಿಯಿತು, ಗೊಬ್ಬರದ ಗುಂಡಿಗೆ ಹಾಕಿ. ಕೂದಲು ಬಂದ ಮೇಲೆ ಮಾಂಸ ಕೆರೆದು, ನೀರು ಬದಲಿಸುತ್ತಾ ಸುಣ್ಣ ಪೂರ್ತಿ ಹೋಗುವವರೆಗೆ ತೊಳೆಯುವುದು, ಚೌಕಟ್ಟಿಗೆ ಎಳೆದು ಕಟ್ಟುವುದು, ನೆರಳಿನಲ್ಲಿ ಒಣಗಿಸುವುದು. ನೆರಳು ಅಂದರೆ ನೆರಳು. ಕಾಫಿ ಕಣ ಖಾಲಿ ಇದೆ ಎಂದು ಅಲ್ಲಿ ಬಿಸಿಲಿಗೆ ಹಾಕಿದರೆ ಮೇಲ್ಮೈ ಗಾಜಿನಂತಾಗಿ ಒಳಗಿನ ನೀರು ಒಳಗೇ ಉಳಿಯುತ್ತದೆ.

ಇನ್ನು ಸೀಳುವುದು. ಬೆನ್ನಿನ ಭಾಗದಿಂದ 20 ಸೆಂಟಿಮೀಟರ್ ಅಗಲದ ದುಂಡು ಬಿಲ್ಲೆ ಕತ್ತರಿಸಿಕೊಳ್ಳಿ. ಹೊಟ್ಟೆಯ ಭಾಗ ಸಡಿಲ, ಎಳೆದಷ್ಟೂ ಉದ್ದವಾಗುತ್ತದೆ, ಬೇಡ. ಬಿಲ್ಲೆಯ ಅಂಚಿನಿಂದ ಸುರುಳಿಯಾಗಿ 7 ಮಿಲಿಮೀಟರ್ ಅಗಲಕ್ಕೆ ಸೀಳುತ್ತಾ ಹೋದರೆ, 314 ಚದರ ಸೆಂಟಿಮೀಟರನ್ನು 0.7ರಿಂದ ಭಾಗಿಸಿ, ಸುಮಾರು ನಾಲ್ಕೂವರೆ ಮೀಟರ್ ಬಾರು. ನಡುವಿನ ತುಣುಕು ಹಾಳು. ಒಂದು ಮೀಟರ್ ಉದ್ದದ ನಾಲ್ಕೆಳೆ ಹೆಣಿಗೆಗೆ ಪ್ರತಿ ಎಳೆ ಒಂದೂವರೆ ಮೀಟರ್ ಬೇಕು, ಅಂದರೆ ಒಟ್ಟು ಆರು ಮೀಟರ್, ಅಂದರೆ ಎರಡು ಬಿಲ್ಲೆ. ಈ ಲೆಕ್ಕ ಕಲಿಸದೆ ಕೂರಿಸಿದರೆ ಮುಕ್ಕಾಲು ದಾರಿಯಲ್ಲಿ ಎಳೆ ಮುಗಿದು ಕಲಿಯುವವರು ಗಂಟು ಹಾಕಿಕೊಂಡು ಅಳುತ್ತಾರೆ. ಸೀಳಿದ ಬಾರನ್ನು ಒದ್ದೆ ಮಾಡಿ ಎರಡು ಕಂಬಗಳ ನಡುವೆ ಎಳೆದು ಕಟ್ಟಿ ಒಣಗಿಸಬೇಕು. ಹಿಗ್ಗುವುದೆಲ್ಲ ಈಗಲೇ ಹಿಗ್ಗಲಿ, ಹೆಣೆದ ಮೇಲೆ ಬೇಡ. ಹಿಗ್ಗಿದಾಗ ಅಗಲ ಕಮ್ಮಿಯಾಗುತ್ತದೆ, ಅದಕ್ಕೇ 7 ಎಂದಿದ್ದು. ಆಮೇಲೆ ಮರದ ತುಂಡಿಗೆ ಬ್ಲೇಡು ನೆಟ್ಟು, ಅದರಿಂದ 5 ಮಿಲಿಮೀಟರ್ ದೂರಕ್ಕೆ ಒಂದು ಗೂಟ ಬಡಿದು, ಬಾರನ್ನು ನಡುವೆ ಎಳೆದು ಒಂದೇ ಅಗಲ ಮಾಡುವುದು. ದಪ್ಪವೂ ಒಂದೇ ಇರಬೇಕು, ದಪ್ಪ ಇದ್ದಲ್ಲಿ ಮಾಂಸದ ಬದಿಯಿಂದ ಹೆರೆಯಬೇಕು. ಕೊನೆಗೆ ಅಂಚು ಓರೆ ಹೆರೆಯುವುದು. ಈ ಓರೆ ಇಲ್ಲದಿದ್ದರೆ ಎಳೆಗಳು ಒಂದರ ಪಕ್ಕ ಒಂದು ಕೂರುವುದಿಲ್ಲ, ಅಂಚು ಹಲ್ಲಿನಂತೆ ಎದ್ದು ನಿಂತು ಕೈ ಕುಯ್ಯುತ್ತದೆ. ಕೊಡವರ ಪೀಚೆಕತ್ತಿ ಸೊಂಟಕ್ಕೆ ಚೆಂದ, ಇಲ್ಲಿ ಶೇವಿಂಗ್ ಬ್ಲೇಡೇ ಗತಿ. ಅದೂ ಎರಡು ಮೂರು ಮೀಟರಿಗೊಮ್ಮೆ ಬದಲಿಸಬೇಕು.

ಕಷ್ಟದ್ದು ಇನ್ನೂ ಬಾಕಿ ಇದೆ. ತೇವ. ಬಾರು ನೆನೆಸಿ, ನೀರು ಒರೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ತೆಗೆದರೆ ಹೆಬ್ಬೆರಳಿನಲ್ಲಿ ಒತ್ತಿದಾಗ ನೀರು ಒಸರಬಾರದು, ಮಡಿಸಿದರೆ ಬಿರುಕು ಬಿಡಬಾರದು. ನೂಪುಟ್ಟಿನ, ಅಂದರೆ ಒತ್ತುಶಾವಿಗೆಯ ಹಾಗೆ ಜೋಲಾಡಿದರೆ ನೀರು ಹೆಚ್ಚು. ಹಾಗೇ ಹೆಣೆದರೆ ಒಣಗಿದ ಮೇಲೆ ಎಳೆ ಕುಗ್ಗಿ ಹೆಣಿಗೆಯ ಸಂದಿಯಲ್ಲಿ ಬೆಳಕು ಕಾಣುತ್ತದೆ. ಕಮ್ಮಿಯಾದರೆ ಎಷ್ಟು ಎಳೆದರೂ ಎಳೆ ಕೂರುವುದಿಲ್ಲ. ಹೆಣೆಯುತ್ತಾ ಕೂತಾಗಲೂ ಗಾಳಿಗೆ ಒಣಗುತ್ತಲೇ ಇರುತ್ತದೆ, ಆಗಾಗ ಬಿಳಿ ಸೋಪಿನ ನೊರೆ ಸವರುತ್ತಿರಬೇಕು. ಎಷ್ಟು? ಇದನ್ನೇ ಬೆರಳಿಗೆ ಬೆರಳು ಇಟ್ಟು ಕಲಿಯಬೇಕು ಅಂದಿದ್ದು. ಹತ್ತರಿಂದ ನಾಲ್ಕರ ತರಗತಿಯಲ್ಲಿ 'ಒಂದು ರಾತ್ರಿ' ಎಲ್ಲಿ ತುರುಕುತ್ತಾರೆ ಹೇಳಿ.

'ಯೂಟ್ಯೂಬಿನಲ್ಲಿ ಎಲ್ಲ ಇದೆಯಲ್ಲ, ಯಾಕೆ ಇಷ್ಟು ಸಿಟ್ಟು?' ಅಂತ ಕಮೆಂಟು ಬರುತ್ತದೆ, ಗೊತ್ತು. ಗಂಟುಗಳಿಗೆ, ಎಂಟೆಳೆಯ ವಿನ್ಯಾಸಕ್ಕೆ ವಿಡಿಯೋ ಚೆನ್ನಾಗಿದೆ, ಒಪ್ಪಿದೆ. ಆದರೆ ಪರದೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ತೇವ ನೋಡಲು ಬರುತ್ತದೆಯೇ? ಬ್ಲೇಡು ಮೊಂಡಾದಾಗ ತೊಗಲಿನ ಸದ್ದು ಬದಲಾಗುತ್ತದೆ, ಅದನ್ನು ಹಿನ್ನೆಲೆ ಸಂಗೀತ ನುಂಗಿರುತ್ತದೆ. ಮುಂದಿನ ಪ್ರಶ್ನೆ.

ಈ ವಿದ್ಯೆ ಕ್ಯಾಲಿಫೋರ್ನಿಯಾದಿಂದ ಬಂದದ್ದು ಅನ್ನುವ ಹಾಗೆ ಪೋಸ್ಟರಿನಲ್ಲಿ ಟೋಪಿ ಹಾಕಿದ ಕೌಬಾಯ್ ಬೇರೆ. ಅಲ್ಲಿನ ವಾಕೆರೋಗಳ, ಅಂದರೆ ಕುದುರೆಯೇರಿ ದನ ಕಾಯುವವರ ರಿಯಾಟಾ ಹಗ್ಗ, ಕುದುರೆಯ ಮೂಗಿಗೆ ಹಾಕುವ ಬೊಸಾಲ್ ದೊಡ್ಡ ಕೆಲಸವೇ, ಅನುಮಾನವಿಲ್ಲ. ಅವರು ಕೆಲಸಗಾರನಿಗೆ ಮರ್ಯಾದೆಯನ್ನೂ ಕೊಟ್ಟರು: ಲೂಯಿಸ್ ಒರ್ಟೆಗಾ ಎಂಬ ಹಸಿತೊಗಲು ಹೆಣೆಯುವವರಿಗೆ ಅಮೆರಿಕ ಸರ್ಕಾರದ ಕಲಾ ಸಂಸ್ಥೆ 1986ರಲ್ಲಿ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಕೊಟ್ಟಿತು. ನಮ್ಮಲ್ಲಿ? ನೊಗ ಕಟ್ಟುವ ಮಿಣಿ ಮಾಡುತ್ತಿದ್ದವರನ್ನು, ವಾದ್ಯಕ್ಕೆ ತೊಗಲು ಹೊದಿಸುವವರನ್ನು ಜಗಲಿಯ ಕೆಳಗೇ ನಿಲ್ಲಿಸಿ ಮಾತಾಡಿಸಿದೆವು. ಈಗ ಅದೇ ತೊಗಲಿಗೆ ಇಂಗ್ಲಿಷ್ ಹೆಸರಿಟ್ಟು ಪಂದಿಕರಿ ಜೊತೆ ಮಾರುತ್ತಿದ್ದೇವೆ. ಪೋಸ್ಟರಿಗೆ ಬೈಯುತ್ತಿರುವ ನಾನೂ ಆ 'ನಾವು' ಒಳಗೇ ಇದ್ದೇನೆ ಅನ್ನಿ.

ಹಾಗಾಗಿ ಕೊಡಗಿನಲ್ಲಿ ಕಲಿಯಬೇಕು ಅಂದವರು ಮೊದಲು ಹೋಗಬೇಕಾದದ್ದು ದುಡಿ ಎಂಬ ಪುಟ್ಟ ಚರ್ಮವಾದ್ಯಕ್ಕೆ ತೊಗಲು ಹೊದಿಸುವವರ ಹತ್ತಿರ. ಅವರು ಬಾರು ಹೆಣೆಯದೇ ಇರಬಹುದು. ಆದರೆ ತೊಗಲು ನೆನೆಸುವುದು, ಎಳೆಯುವುದು, ಎಷ್ಟು ತೇವದಲ್ಲಿ ಬಿಗಿದರೆ ಒಣಗಿದ ಮೇಲೆ ಸರಿಯಾದ ನಾದ ಬರುತ್ತದೆ ಅನ್ನುವುದು ಅವರ ಬೆರಳಿನಲ್ಲಿದೆ. ಅಲ್ಲಿ ಎರಡು ದಿನ ಕೂತರೆ ಅರ್ಧ ಕೆಲಸ ಆಯಿತು. ದಾಟಿಸುವ ಲೆಕ್ಕ, ಎರಡು ಮೇಲೆ ಎರಡು ಕೆಳಗೆ, ಕಣ್ಣಿಗೆ ಹತ್ತಬೇಕಾದರೆ ಬಿದಿರು ಬುಟ್ಟಿ ಹೆಣೆಯುವ ಮೇದರನ್ನು ನೋಡಿ. ಹೋಗುವಾಗ ಕೂಲಿ ಕೇಳಿ ಕೊಡಿ, 'ಸ್ವಲ್ಪ ತೋರಿಸಿ' ಅಂತ ಪುಕ್ಕಟೆ ನಿಲ್ಲಬೇಡಿ. ವರ್ಕ್‌ಶಾಪಿಗೆ ಸಾವಿರಗಟ್ಟಲೆ ಕೊಡಲು ತಯಾರಿದ್ದವರಲ್ಲವೇ ನೀವು.

ಇಲ್ಲ, ವರ್ಕ್‌ಶಾಪಿಗೇ ಹೋಗುತ್ತೇನೆ ಅಂದರೆ ದುಡ್ಡು ಹಾಕುವ ಮುಂಚೆ ಫೋನ್ ಮಾಡಿ. ತೊಗಲು ಯಾವ ಪ್ರಾಣಿಯದು, ಹದ ಮಾಡಿದ್ದೋ ಹಸಿಯೋ ಕೇಳಿ. ಬಾರು ನಾವೇ ಸೀಳುತ್ತೇವೆಯೇ ಕೇಳಿ. ಎರಡನೇ ದಿನ ಇದೆಯೇ, ಒಬ್ಬ ಗುರುವಿಗೆ ಎಷ್ಟು ಜನ ಕೇಳಿ. ಐದಕ್ಕಿಂತ ಹೆಚ್ಚಿದ್ದರೆ ನಿಮ್ಮ ಬೆರಳು ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. 'ಬಾರು ಕಿಟ್ಟಿನಲ್ಲೇ ಬರುತ್ತೆ ಸರ್' ಅಂದರೆ ಥ್ಯಾಂಕ್ಸ್ ಹೇಳಿ ಇಟ್ಟುಬಿಡಿ. ಅಭ್ಯಾಸಕ್ಕೆ ಏನೂ ಸಿಗದಿದ್ದರೆ ನಾಯಿಗೆ ಕೊಡುವ ತೊಗಲಿನ ಮೂಳೆ ತಂದು ರಾತ್ರಿ ನೆನೆಸಿ ಬಿಚ್ಚಿ. ಬ್ಲೀಚ್ ಹಾಕಿದ್ದರೆ ಗಟ್ಟಿ ಇರುವುದಿಲ್ಲ, ಜಗ್ಗಿದರೆ ಹರಿಯುತ್ತದೆ. ಸೀಳುವ ಅಭ್ಯಾಸಕ್ಕೆ ಮಾತ್ರ ಸಾಕು.

ಅಂದ ಹಾಗೆ ಆ ವರ್ಕ್‌ಶಾಪ್ ಇಟ್ಟಿರುವುದು ಜುಲೈನಲ್ಲಿ. ಕೊಡಗಿನ ಜುಲೈ! ಬೀರುವಿನಲ್ಲಿಟ್ಟ ಬೆಲ್ಟಿಗೇ ಬೂಷ್ಟು ಹಿಡಿಯುವ ತಿಂಗಳು. ಹಸಿತೊಗಲಾದರೆ ಒಣಗುವ ಮುಂಚೆ ನಾರುತ್ತದೆ. ಸುಗ್ಗಿಯ ಹಬ್ಬ ಪುತ್ತರಿ ಮುಗಿದ ಮೇಲೆ, ಡಿಸೆಂಬರಿನಿಂದ ಮಾರ್ಚ್ ಒಳಗೆ ಶುರು ಮಾಡಿ. ಅಲ್ಲಿಯವರೆಗೆ ನೈಲಾನ್ ಹುರಿ.