ಅವನು ಆಟ ಬಿಟ್ಟು ಓಡಲಿಲ್ಲ, ಕರೆಂಟು ಹೋಗಿತ್ತು

ನಮ್ಮದು ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗಿನ ತೋಟದ ಮನೆ. ಜಗಲಿಯ ದಳಿಯಲ್ಲಿ ಫೋನ್ ಇಟ್ಟರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ, ಒಳಗೆ ತಂದರೆ ಅದೂ ಇಲ್ಲ. ಹಾಗಾಗಿ ಅಮ್ಮನ ಫೋನನ್ನು ದಳಿಯಲ್ಲಿಟ್ಟು, ಅದರ ಹಾಟ್‌ಸ್ಪಾಟ್ ಹಾಕಿಕೊಂಡು, ನನ್ನ ಫೋನಿನಲ್ಲಿ ಆನ್‌ಲೈನ್ ಗೇಮ್ ಆಡುತ್ತೇನೆ. ಮಳೆ ಎರಚಲು ಹೊಡೆಯದ ಹಾಗೆ ಅಮ್ಮನ ಫೋನಿಗೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿರುತ್ತೇನೆ.

ಕಳೆದ ಜುಲೈನ ಒಂದು ರಾತ್ರಿ ನಾವು ನಾಲ್ಕು ಜನ ಆಡುತ್ತಿದ್ದೆವು. ಒಬ್ಬ ಯಲ್ಲಾಪುರದವನು, ಒಬ್ಬ ಕುಮಟಾದವನು, ಇನ್ನೊಬ್ಬ ಕಾರವಾರದ ಬೈತಖೋಲಿನಲ್ಲಿ ಟ್ರಾಲರ್ ಬೋಟಿಗೆ ಹೋಗುವ ಹುಡುಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನವೇ ಅವನಿಗೆ ಆಡಲು ಸಿಗುವ ಕಾಲ. ಮರ ಬಿದ್ದು ಲೈನ್ ಹರಿಯುವುದೂ, ಟವರ್ ಸಾಯುವುದೂ ಅದೇ 61 ದಿನಗಳಲ್ಲಿ.

ಕೊನೆಯ ಸುತ್ತು. ನಾಲ್ವರೂ ಬದುಕಿದ್ದೆವು. ಆಗ ಕಾರವಾರದಲ್ಲಿ ಕರೆಂಟು ಹೋಯಿತು. ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ ನಿಂತಿದ್ದ ಟವರೂ ಹೋಯಿತು. ಆಟದೊಳಗಿನ ಅವನ ಗೊಂಬೆ ಗೋಡೆಯ ಪಕ್ಕ ಸುಮ್ನೆ ನಿಂತುಬಿಟ್ಟಿತು. ಮರುದಿನ ಅವನು ಆಟ ತೆರೆದರೆ ಪರದೆ ತುಂಬ ಒಂದೇ ಸಂದೇಶ. ನೀವು ಪಂದ್ಯವನ್ನು ಅರ್ಧಕ್ಕೆ ಬಿಟ್ಟಿದ್ದೀರಿ. ಅಂಕ ಕಡಿತ, ಮೇಲಿಂದ ಇಷ್ಟು ಹೊತ್ತು ಆಡುವಂತಿಲ್ಲ ಅಂತ ಶಿಕ್ಷೆ. ಆ ವಾರದಲ್ಲಿ ಅದು ಮೂರನೇ ಸಲವಾದ್ದರಿಂದ ಶಿಕ್ಷೆಯೂ ಜಾಸ್ತಿ. ನನಗೆ ವಾಯ್ಸ್ ಮೆಸೇಜ್ ಕಳಿಸಿದ. "ಅಣ್ಣಾ, ನೀವಾದ್ರೂ ಹೇಳಿ ಅವ್ರಿಗೆ, ನಾನು ಓಡಿ ಹೋಗಿಲ್ಲ ಅಂತ."

ನೀವಾದ್ರೂ ಅಂದಿದ್ದು ಯಾಕೆಂದರೆ, ಆಗ ನಾನು ಆ ಆಟದ ಆಟಗಾರರ ಮಂಡಳಿಯಲ್ಲಿದ್ದೆ. ಕಂಪನಿಯವರು ಅರ್ಜಿ ಕರೆದು, ದೇಶದ ಬೇರೆ ಬೇರೆ ಕಡೆಯಿಂದ ಒಂದಷ್ಟು ಜನರನ್ನು ಆರಿಸಿದ್ದರು. ಆಟಗಾರರ ಕಷ್ಟಸುಖ ನಮ್ಮ ಮೂಲಕ ಆಟ ಮಾಡುವವರಿಗೆ ಮುಟ್ಟಬೇಕು ಅನ್ನುವುದು ಉದ್ದೇಶ. ಆಯ್ಕೆಯಾದ ದಿನ ನನಗೆ ಆದ ಖುಷಿ ಸಣ್ಣದಲ್ಲ. ಒಳಗಿನ ಮಾತು ಹೊರಗೆ ಹೇಳುವುದಿಲ್ಲ ಅಂತ ಸಹಿ ಹಾಕಿದ್ದೇನೆ, ಹಾಗಾಗಿ ಆಟದ ಹೆಸರು ಹೇಳುವುದಿಲ್ಲ. ಆದರೆ ನಾನು ಏನು ಕೇಳಿದೆ ಅನ್ನುವುದು ನನ್ನ ಮಾತು, ಅದನ್ನು ಹೇಳಬಹುದು. ಒಂದು ಊರಿನ ಆಟಗಾರರೆಲ್ಲ ಒಂದೇ ನಿಮಿಷದಲ್ಲಿ ಕಾಣೆಯಾದರೆ ಅದನ್ನು ಓಡಿಹೋಗಿದ್ದು ಅಂತ ಲೆಕ್ಕ ಹಿಡಿಯಬೇಡಿ ಎಂದು ಕೇಳಿದೆ. ಎರಡು ಸಲ ಬರೆದೆ, ಒಂದು ಸಲ ಮೀಟಿಂಗಿನಲ್ಲಿ ಹೇಳಿದೆ. ಗಮನಿಸಿದ್ದೇವೆ ಅಂದರು. ವರ್ಷ ಮುಗಿಯಿತು, ಮಂಡಳಿಯೂ ಮುಗಿಯಿತು. ಶಿಕ್ಷೆ ಈಗಲೂ ಹಾಗೇ ಇದೆ.

ಇದನ್ನೆಲ್ಲ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪನಿಗೆ ಆಟದ ಗಂಧಗಾಳಿ ಇಲ್ಲ. ಸಿಂಗಲ್ ಅಡಿಕೆ ಹೋಳು ಬಾಯಿಗಿಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ. "ಅಲ್ದಾ ತಮಾ, ನಿನ್ನ ಅಲ್ಲಿಗೆ ಆರ್ಸಿದ್ದು ಯಾರು?"

ಕಂಪನಿ, ಅಂದೆ. ಅಂದ ಮೇಲೆ ನನಗೇ ಹೊಳೆಯಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸೊಸೈಟಿಯ ನಿರ್ದೇಶಕರನ್ನು ಸದಸ್ಯರು ಓಟು ಹಾಕಿ ಆರಿಸುತ್ತಾರೆ. ಅವರು ಪಕ್ಕದ ಊರಿನವರೇ ಆಗಿರುತ್ತಾರೆ. ಸರ್ವಸದಸ್ಯರ ಸಭೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವಾದರೆ, ಮುಂದಿನ ವಾರ ಯಾರದೋ ಮದುವೆಮನೆಯ ಪಂಕ್ತಿಯಲ್ಲಿ ಎದುರಿಗೇ ಸಿಗುತ್ತಾರೆ. ಸಿಕ್ಕಲ್ಲಿ ಕೇಳಬಹುದು. ನನ್ನನ್ನು ಯಾರೂ ಹಾಗೆ ಕೇಳುವಂತಿರಲಿಲ್ಲ. ಕಂಪನಿ ಕರೆದಿತ್ತು, ಹೋಗಿದ್ದೆ. ಕಂಪನಿ ಸಾಕು ಅಂದಿತು, ಬಂದೆ.

ಬೇರೆ ಥರವೂ ಇರಬಹುದು ಅನ್ನುವುದಕ್ಕೆ ಈವ್ ಆನ್‌ಲೈನ್ ಆಟವನ್ನು ನೋಡಬೇಕು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ಆಟ, 2003ರಿಂದ ನಡೆಯುತ್ತಿದೆ. 2007ರಲ್ಲಿ ಅಲ್ಲೊಂದು ಹಗರಣವಾಯಿತು. ಕಂಪನಿಯ ಉದ್ಯೋಗಿಯೊಬ್ಬ ತಾನು ಆಡುತ್ತಿದ್ದ ಗುಂಪಿಗೆ ಆಟದೊಳಗಿನ ಬೆಲೆಬಾಳುವ ಸಾಮಾನು ಕೊಟ್ಟಿದ್ದು ಬಯಲಾಯಿತು. ಆಟಗಾರರಿಗೆ ನಂಬಿಕೆಯೇ ಹೊರಟುಹೋಯಿತು. ಮರುವರ್ಷ, 2008ರಲ್ಲಿ, ಆಟಗಾರರೇ ಓಟು ಹಾಕಿ ಆರಿಸುವ ಮಂಡಳಿ ಬಂತು. ಕೌನ್ಸಿಲ್ ಆಫ್ ಸ್ಟೆಲ್ಲರ್ ಮ್ಯಾನೇಜ್‌ಮೆಂಟ್ ಅಂತ ಹೆಸರು. ಅವರೂ ಗುಟ್ಟು ಕಾಯುವ ಕಾಗದಕ್ಕೆ ಸಹಿ ಹಾಕುತ್ತಾರೆ. ಆದರೆ ಆಯ್ಕೆಯಾದವರನ್ನು ಐಸ್‌ಲ್ಯಾಂಡಿಗೆ ಕರೆಸಿ, ಆಟ ಮಾಡುವವರ ಎದುರು ಕೂರಿಸಿ ಮಾತಾಡಿಸಿ, ಆ ಸಭೆಗಳ ನಡಾವಳಿಯನ್ನು ಎಲ್ಲರೂ ಓದುವ ಹಾಗೆ ಹಾಕಿದ್ದಾರೆ.

ಅದು ಹೆಸರಿಗೆ ಮಾತ್ರ ಇದ್ದ ಮಂಡಳಿ ಅಲ್ಲ ಅನ್ನುವುದು ಗೊತ್ತಾಗಿದ್ದು 2011ರಲ್ಲಿ. ಆಟದೊಳಗಿನ ಒಂದು ಒಂಟಿಗಣ್ಣಿನ ಕನ್ನಡಕಕ್ಕೆ 60 ಡಾಲರಿಗೂ ಮಿಕ್ಕಿ ಬೆಲೆ ಇಟ್ಟರು. ಅದೇ ಹೊತ್ತಿಗೆ ಕಂಪನಿಯ ಒಳಗಿನ ಪತ್ರಿಕೆಯೊಂದು ಸೋರಿತು. ನಾಳೆ ದುಡ್ಡಿದ್ದವರಿಗೆ ಗೆಲುವನ್ನೂ ಮಾರುತ್ತಾರೆ ಅನ್ನುವ ಭಯ ಹಬ್ಬಿತು. ಆಟಗಾರರು ಆಟದ ದೊಡ್ಡ ಪೇಟೆಯಾದ ಜೀಟಾದಲ್ಲಿ ಸೇರಿ ಅಲ್ಲಿನ ಸ್ಮಾರಕಕ್ಕೆ ಗುಂಡು ಹಾರಿಸಿದರು. ಕಂಪನಿ ಮಂಡಳಿಯವರನ್ನು ತುರ್ತಾಗಿ ಐಸ್‌ಲ್ಯಾಂಡಿಗೆ ಕರೆಸಿಕೊಂಡಿತು. ಗೆಲುವು ಕೊಡಿಸುವಂಥ ಸಾಮಾನು ಮಾರುವ ಯೋಜನೆ ಇಲ್ಲ ಅಂತ ಆ ಸಭೆಯ ನಂತರ ಬಹಿರಂಗವಾಗಿ ಹೇಳಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಂಪನಿಯ ಮುಖ್ಯಸ್ಥ ಹಿಲ್ಮಾರ್ ಪೆಟುರ್ಸನ್ ಆಟಗಾರರಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಓಟು ಪಡೆದವರು ಇರದಿದ್ದರೆ ಆ ದಿನ ಯಾರನ್ನು ಅಂತ ಕರೆಸುತ್ತಿದ್ದರು?

ಓಟು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಅಲ್ಲೂ ದೊಡ್ಡ ಗುಂಪುಗಳು ಒಟ್ಟಾಗಿ ಓಟು ಹಾಕಿ ಸೀಟು ಹಿಡಿಯುತ್ತವೆ. ಅದಕ್ಕೇ 2013ರಿಂದ ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಅಂತ ಇಷ್ಟದ ಕ್ರಮದಲ್ಲಿ ಆರಿಸುವ ಪದ್ಧತಿ ತಂದರು. ನಮ್ಮ ರಾಜ್ಯಸಭೆ ಚುನಾವಣೆಯಲ್ಲಿ ಶಾಸಕರು ಹಾಕುವ ಓಟಿನ ಹಾಗೆ. ಹಾಗಿದ್ದೂ ದೊಡ್ಡ ಗುಂಪುಗಳದೇ ಮೇಲುಗೈ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಇನ್ನೊಂದು ಆಟದವರು 2021ರಲ್ಲಿ ಮಾಡಿದ್ದು ನನ್ನದರಂಥ ಮಂಡಳಿ. ಸುಮಾರು ನೂರು ಜನ, ಅರ್ಜಿ ಹಾಕಿದವರಲ್ಲಿ ಕಂಪನಿಯೇ ಆರಿಸಿದ್ದು. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನುವ ಆಟದಲ್ಲಿ ಪ್ರತಿನಿಧಿಗಳ ಗೊಡವೆಯೇ ಇಲ್ಲ. ಹೊಸದೇನಾದರೂ ಸೇರಿಸಬೇಕಾದರೆ ಆಟಗಾರರನ್ನೇ ನೇರ ಕೇಳುತ್ತಾರೆ. ಮೊದಲು ನೂರಕ್ಕೆ 75 ಜನ ಹೂಂ ಅನ್ನಬೇಕಿತ್ತು, 2022ರಲ್ಲಿ ಅದನ್ನು 70ಕ್ಕೆ ಇಳಿಸಿದರು. ಕೇಳಲಿಕ್ಕೆ ಚೆಂದ. ಆದರೆ ಬೈತಖೋಲಿನ ಹುಡುಗನ ಕಷ್ಟ ಹಾಗೆ ಓಟಿಗೆ ಹಾಕಿದರೆ ಗೆಲ್ಲುವುದಿಲ್ಲ. ಬೆಂಗಳೂರಿನಲ್ಲಿ ಫೈಬರ್ ಹಾಕಿಸಿಕೊಂಡು ಆಡುವವನು ಆಟದ ಮಧ್ಯೆ ಎದ್ದುಹೋದವನ ಮೇಲೆ ಸಿಟ್ಟಾಗುವುದು ಸಹಜ. ಶಿಕ್ಷೆ ಇರಲಿ ಅಂತಲೇ ಓಟು ಹಾಕುತ್ತಾನೆ, ಅಲ್ವಾ?

ಮಂಡಳಿ ಬೇಕಾಗಿರುವುದೇ ಇದಕ್ಕೆ. ಆಟ ಮಾಡುವವರ ಹತ್ತಿರ ಲೆಕ್ಕ ಬೇಕಾದಷ್ಟಿದೆ. ಯಾರು ಎಷ್ಟು ಹೊತ್ತು ಆಡಿದರು, ಎಲ್ಲಿ ಸತ್ತರು, ಎಷ್ಟು ಖರ್ಚು ಮಾಡಿದರು, ಎಲ್ಲ ಗೊತ್ತು. ಆದರೆ ಸಿಟ್ಟಿನಿಂದ ಆಟ ಮುಚ್ಚಿದವನೂ ಟವರ್ ಸತ್ತವನೂ ಆ ಲೆಕ್ಕದಲ್ಲಿ ಒಂದೇ ಸಾಲು. ಅಪ್ಪ ಹೇಳುವಂತೆ, ಫಸಲು ಕಡಿಮೆ ಅನ್ನುವುದು ತೂಕದ ಚೀಟಿಯಲ್ಲಿ ಕಾಣುತ್ತದೆ. ಕೊಳೆ ಬಂತೋ, ಮಂಗ ತಿಂದಿತೋ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಸಿಗಲಿಲ್ಲವೋ ಅನ್ನುವುದು ತೋಟಕ್ಕೆ ಇಳಿದವನಿಗೇ ಗೊತ್ತು.

ಹಾಗಾಗಿ ಮುಂದಿನ ಸಲ ಯಾವ ಕಂಪನಿಯಾದರೂ ಮಂಡಳಿ ಮಾಡುತ್ತೇವೆ ಅಂದರೆ ನಾನು ಸುಮ್ನೆ ಅರ್ಜಿ ತುಂಬುವುದಿಲ್ಲ. ಆಟಗಾರರು ಆರಿಸಲಿ. ಅರ್ಧ ಸೀಟಾದರೂ ಕಡಿಮೆ ಬೆಲೆಯ ಫೋನಿನಲ್ಲಿ, ಸಣ್ಣ ಊರಿನಲ್ಲಿ ಆಡುವವರಿಗೆ ಇರಲಿ. ಕೇಳಿದ ಪ್ರತಿ ಪ್ರಶ್ನೆಗೆ ಹೂಂ ಅಥವಾ ಊಹೂಂ, ಯಾಕೆ ಅನ್ನುವುದರ ಸಮೇತ, ಎಲ್ಲರಿಗೂ ಕಾಣುವ ಹಾಗೆ ಬರೆಯಲಿ. ಗೊಂಬೆಯ ಹೊಸ ಬಟ್ಟೆಗೆ ಯಾವ ಬಣ್ಣ ಚೆಂದ ಅಂತ ಕೇಳಲಿಕ್ಕೆ ನಮ್ಮನ್ನು ಕರೆಯುವುದು ಬೇಡ.

ಈ ಮಳೆಗಾಲ ನಾವು ನಾಲ್ವರೂ ಒಂದೊಂದು ನೋಟ್‌ಬುಕ್ ಇಟ್ಟಿದ್ದೇವೆ. ತಾರೀಕು, ಊರು, ಕರೆಂಟು ಹೋದ ಹೊತ್ತು, ಟವರ್ ಹೋದ ಹೊತ್ತು, ಆಟದಲ್ಲಿ ಬಂದ ಶಿಕ್ಷೆ. ಅಂಕೋಲಾ, ಹೊನ್ನಾವರ, ಸಿದ್ದಾಪುರ, ಜೋಯಿಡಾ ಕಡೆ ಆಡುವವರಿದ್ದರೆ ನೀವೂ ಬರೆದಿಟ್ಟು ನನಗೆ ಕಳಿಸಿ. ಎಲ್ಲ ಸೇರಿಸಿ ಆಗಸ್ಟಿನಲ್ಲಿ ಕಂಪನಿಗೆ ಕಳಿಸುತ್ತೇವೆ. ನಿನ್ನೆ ರಾತ್ರಿ ಬೈತಖೋಲಿನಿಂದ ಬಂದ ಸಾಲು ಇಷ್ಟೇ: "9:40, ಕರೆಂಟು ಹೋಯ್ತು. 10:05, ಟವರ್ ಇನ್ನೂ ಇದೆ ಅಣ್ಣಾ, ಬೇಗ ಬನ್ನಿ, ಒಂದು ಆಟ ಆಡುವಾ."