ಬಸ್ಸಲ್ಲಿ ಕೂತು ಮಾಡಿದ ಓಟದ ದಾಖಲೆ

ನನ್ನ ಫೋನಿನ ಪ್ರಕಾರ ನಾನು 5 ಕಿಲೋಮೀಟರನ್ನು 6 ನಿಮಿಷ 10 ಸೆಕೆಂಡಿನಲ್ಲಿ ಓಡಿದ್ದೇನೆ. ಒಲಿಂಪಿಕ್ಸ್‌ನಲ್ಲಿ ಪದಕ ಗೆಲ್ಲುವವರಿಗೇ ಇಷ್ಟು ದೂರಕ್ಕೆ 13 ನಿಮಿಷದ ಹತ್ತಿರ ಹಿಡಿಯುತ್ತೆ. ನನಗೆ ನಲವತ್ತೇಳು ವಯಸ್ಸು, ಮೆಟ್ಟಿಲು ಇಳಿಯುವಾಗ ಮಂಡಿ ಕಟಕಟ ಅನ್ನುತ್ತೆ.

ಆಗಿದ್ದು ಇಷ್ಟೇ. ಮಧುಗಿರಿ ಬೆಟ್ಟ ಹತ್ತಿ ಇಳಿದು ತುಮಕೂರಿನ ಬಸ್ ಹಿಡಿದೆ. ಕಿಟಕಿ ಪಕ್ಕ ಸೀಟ್ ಸಿಕ್ಕ ಖುಷಿಯಲ್ಲಿ, ನಡೆದಿದ್ದು ಓಡಿದ್ದು ಲೆಕ್ಕ ಹಾಕುವ ಆ್ಯಪ್ ನಿಲ್ಲಿಸೋದು ಮರೆತೆ. ಕೊರಟಗೆರೆ ಬರುವಷ್ಟರಲ್ಲಿ ನಿದ್ದೆ. ತುಮಕೂರಲ್ಲಿ ಕಂಡಕ್ಟರ್ ಎಬ್ಬಿಸಿದ ಮೇಲೆ ಗಾಬರಿಯಲ್ಲಿ ಸ್ಟಾಪ್ ಒತ್ತಿದೆ. ಅಳಿಸೋಕೆ ಮೊದಲೇ ಅದು ತಾನಾಗಿ ಎಲ್ಲರಿಗೂ ಹೋಗಿಬಿಟ್ಟಿತ್ತು. ಹನ್ನೊಂದು ಲೈಕ್. ನ್ಯೂಜೆರ್ಸಿಯಲ್ಲಿರುವ ಭಾಮೈದ "ಸೂಪರ್ ಭಾವ, ಹೀಗೇ ಮುಂದುವರಿಸಿ" ಅಂತ ಬರೆದಿದ್ದ. ಗಂಟೆಗೆ ಐವತ್ತು ಕಿಲೋಮೀಟರ್ ಹೇಗೆ ಓಡಿದ್ರಿ ಅಂತ ಒಬ್ಬರೂ ಕೇಳಲಿಲ್ಲ.

ಬೆಟ್ಟಕ್ಕೆ ಫೋನೇ ಬೇಡ, ಹಿಂದಿನವರು ಹೋಗ್ತಿರಲಿಲ್ವಾ ಅನ್ನುವ ಗುಂಪು ಒಂದಿದೆ. ನಾನು ಆ ಗುಂಪಲ್ಲ. ನನ್ನ ತಕರಾರು ಚಿಕ್ಕದು. ಫೋನ್ ಚೀಲದೊಳಗೆ ಇರಲಿ, ಅದರ ಪಾಡಿಗೆ ಅದು ಬರೆದುಕೊಳ್ಳುತ್ತಾ ಇರಲಿ. ಹತ್ತುವಾಗ ಮಾತ್ರ ಅದರ ಮುಖ ನೋಡಬೇಡಿ.

ಇದು ನನಗೆ ಜ್ಞಾನೋದಯವಾಗಿ ಹೊಳೆದ ವಿಷಯವಲ್ಲ. ಬಿದ್ದು ಕಲಿತಿದ್ದು.

ಮಧುಗಿರಿ ಹತ್ತಿದವರಿಗೆ ಗೊತ್ತು, ಅದು ಒಂದೇ ಬಂಡೆ. ಸಮುದ್ರ ಮಟ್ಟದಿಂದ ಸುಮಾರು 3,900 ಅಡಿ. ಊರಿನಿಂದ ಲೆಕ್ಕ ಹಾಕಿದರೆ ನಾವು ಹತ್ತೋದು 400 ಮೀಟರ್ ಆಸುಪಾಸು. ಕೆಳಗೆ ಆರಾಮ. ಮೆಟ್ಟಿಲಿದೆ, ಕೋಟೆ ಬಾಗಿಲುಗಳಿವೆ, ನೆರಳಿದೆ. ಮೇಲೆ ಹೋದ ಹಾಗೆ ಬಂಡೆಯಲ್ಲಿ ಕಡಿದ ಕಚ್ಚುಗಳೇ ಮೆಟ್ಟಿಲು. ಒಂದೊಂದು ಕಡೆ ಕಾಲಿನ ಮುಂಭಾಗ ಮಾತ್ರ ಹಿಡಿಸುತ್ತೆ, ಹಿಮ್ಮಡಿ ಗಾಳಿಯಲ್ಲಿ. ಕೆಲವು ಕಡೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಇದೆ, ಕೆಲವು ಕಡೆ ಇಲ್ಲ.

ಇಲ್ಲದ ಕಡೆಯೇ ನಾನು ಫೋನ್ ನೋಡಿದ್ದು. ಹಿಂದಿನ ಸಲ ಹತ್ತಿದ್ದಕ್ಕಿಂತ 40 ಸೆಕೆಂಡ್ ಹಿಂದಿದ್ದೀಯ ಅಂತ ತೋರಿಸುತ್ತಿತ್ತು. ಯಾರಿಗಿಂತ ಹಿಂದೆ? ನನಗಿಂತ ನಾನೇ! ಒಂದು ಹೆಜ್ಜೆ ಜಾಸ್ತಿ ಎಳೆದು ಹಾಕಿದೆ. ಬಲಗಾಲು ಜಾರಿತು. ಎರಡೂ ಕೈಯಿಂದ ಬಂಡೆ ಅಪ್ಪಿಕೊಂಡೆ, ಅಂದಮೇಲೆ ಫೋನ್ ಬಿಡಲೇಬೇಕಾಯಿತಲ್ಲ. ಅದು ಬಂಡೆ ಮೇಲೆ ಕರಕರ ಅಂತ ಗಾಜು ಉಜ್ಜಿಕೊಂಡು ಜಾರಿತು. ಇನ್ನೇನು ಹೋಯಿತು ಅನ್ನುವಾಗ ಬಿರುಕಲ್ಲಿ ಬೆಳೆದಿದ್ದ ಹುಲ್ಲಿನ ಗಂಟಿಗೆ ಸಿಕ್ಕಿ ನಿಂತಿತು. ಮಂಡಿ ಚರ್ಮ ಎರಡು ರೂಪಾಯಿ ನಾಣ್ಯದಷ್ಟು ಕಿತ್ತು ಬಂದಿತ್ತು. ಕೆಳಗಿಂದ ಬರುತ್ತಿದ್ದ ಹುಡುಗನೊಬ್ಬ ಫೋನ್ ಎತ್ತಿ ತಂದುಕೊಟ್ಟು, "ಅಂಕಲ್, ಇನ್ನೂ ಓಡ್ತಾ ಇದೆ" ಅಂದ. ಆ್ಯಪ್‌ನಲ್ಲಿ ಸೆಕೆಂಡುಗಳು ಓಡುತ್ತಲೇ ಇದ್ದವು. ನಾನು ಬಿದ್ದಿದ್ದು ಅದರ ಲೆಕ್ಕದಲ್ಲಿ ಬರೀ ತಡ.

ಇಷ್ಟಕ್ಕೂ ಆ ಅಂಕಿಗಳು ನಿಜವಾ? ಅವತ್ತು ನಾವು ಮೂರು ಜನ. ಒಂದೇ ಬೆಟ್ಟ, ಒಂದೇ ದಾರಿ, ಒಟ್ಟಿಗೇ ಹತ್ತಿದ್ದು. ಹತ್ತಿದ ಎತ್ತರ ನನ್ನ ಫೋನಿನಲ್ಲಿ 418 ಮೀಟರ್, ಗೆಳೆಯನ ವಾಚಿನಲ್ಲಿ 396, ಇನ್ನೊಬ್ಬನ ಹಳೇ ಫೋನಿನಲ್ಲಿ 561. ಆ ಹಳೇ ಫೋನಿನವನು ಮಾತ್ರ ಕಾಲರ್ ಎತ್ತಿಕೊಂಡು ಓಡಾಡಿದ.

ಕಾರಣ ದೊಡ್ಡ ರಹಸ್ಯವೇನಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಮೇಲೆ ಸುತ್ತುತ್ತವೆ. ಕನಿಷ್ಠ ನಾಲ್ಕರ ಸಿಗ್ನಲ್ ಸಿಕ್ಕರೆ ಫೋನು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತೆ. ಸುತ್ತ ನಾಲ್ಕೂ ದಿಕ್ಕಿನಲ್ಲಿ ಉಪಗ್ರಹ ಸಿಗುತ್ತವೆ, ಹಾಗಾಗಿ ಮ್ಯಾಪಿನ ಮೇಲೆ ಜಾಗ ಚೆನ್ನಾಗಿಯೇ ಗೊತ್ತಾಗುತ್ತೆ. ನಮ್ಮ ಕಾಲ ಕೆಳಗೆ, ನೆಲದೊಳಗೆ ಯಾವ ಉಪಗ್ರಹವೂ ಇಲ್ಲವಲ್ಲ. ಎಲ್ಲಾ ತಲೆ ಮೇಲೆಯೇ. ಅದಕ್ಕೇ ಎತ್ತರದ ಲೆಕ್ಕದಲ್ಲಿ ತಪ್ಪು ಜಾಸ್ತಿ. ಕೆಲವು ವಾಚು, ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತೆ. ಮೇಲೆ ಹೋದಂತೆ ಒತ್ತಡ ಕಮ್ಮಿಯಾಗುತ್ತೆ, ಅದರಿಂದ ಎತ್ತರ ಹಿಡಿಯುತ್ತವೆ. ಇವು ಎಷ್ಟೋ ವಾಸಿ, ಆದರೆ ಮೋಡ ಕವಿದು ಹವಾ ಬದಲಾದರೆ ಅವಕ್ಕೂ ಗಲಿಬಿಲಿ.

ಇನ್ನೊಂದು ಮಜಾ ನೋಡಿ. ಮೇಲೆ ಕೂತು ಮುಕ್ಕಾಲು ಗಂಟೆ ಚಿತ್ರಾನ್ನ ತಿಂದೆವು. ಅಷ್ಟರಲ್ಲಿ ನಾನು 300 ಮೀಟರ್ ನಡೆದಿದ್ದೆ! ಕೂತಲ್ಲೇ ಇದ್ದರೂ ಜಿಪಿಎಸ್ ಚುಕ್ಕೆ ಆ ಕಡೆ ನಾಲ್ಕು ಮೀಟರ್ ಈ ಕಡೆ ಐದು ಮೀಟರ್ ಅಲ್ಲಾಡುತ್ತಾ ಇರುತ್ತೆ, ಅದೆಲ್ಲಾ ನಡಿಗೆಗೆ ಸೇರುತ್ತೆ. ಮ್ಯಾಪಲ್ಲಿ ದೊಡ್ಡದು ಮಾಡಿ ನೋಡಿದರೆ ಮಗು ಪೆನ್ಸಿಲಲ್ಲಿ ಗೀಚಿದ ಹಾಗೆ ಕಾಣುತ್ತೆ. ನಮ್ಮ ಮನೆಯವಳು ಅದನ್ನು ನೋಡಿ "ಚಿತ್ರಾನ್ನದ ಚಿತ್ರ" ಅಂದಳು.

ಕ್ಯಾಲೊರಿ ಬಗ್ಗೆ ಹೇಳದಿರುವುದೇ ಒಳ್ಳೇದು. ಆ್ಯಪ್ 900 ಅಂದಿತು ಅಂತ ಧೈರ್ಯವಾಗಿ ಕ್ಯಾತ್ಸಂದ್ರದಲ್ಲಿ ನಾಲ್ಕು ತಟ್ಟೆ ಇಡ್ಲಿ ಹೊಡೆದೆ, ಬೆಣ್ಣೆ ಸಮೇತ.

ನಮ್ಮ ಮಾವನವರದು ಬೇರೆಯೇ ಕಥೆ. ಅವರಿಗೆ ಎಪ್ಪತ್ತೆರಡು. ರಾತ್ರಿ ಒಂಬತ್ತೂವರೆಗೆ ವಾಚ್ ನೋಡಿ 9,300 ಹೆಜ್ಜೆ ಇದ್ದರೆ ಹಾಲ್‌ನಲ್ಲೇ ಸೋಫಾ ಸುತ್ತ ಸುತ್ತು ಹಾಕ್ತಾರೆ. 10,000 ಆಗೋವರೆಗೂ ಮಾತಾಡಿಸಿದರೆ ಕೈ ಸನ್ನೆಯಲ್ಲೇ ಉತ್ತರ. ಈ 10,000 ಅನ್ನೋದು ಯಾವ ಡಾಕ್ಟರು ಬರೆದುಕೊಟ್ಟಿದ್ದೂ ಅಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಸಾಧನ ಮಾರಾಟಕ್ಕೆ ಬಂತು, ಹೆಸರು ಮಾನ್‌ಪೋ-ಕೆ. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಮಾರಾಟಕ್ಕೆ ಇಟ್ಟ ಹೆಸರು ಅರವತ್ತು ವರ್ಷ ಆದಮೇಲೆ ತುಮಕೂರಿನ ಒಂದು ಹಾಲ್‌ನಲ್ಲಿ ನಮ್ಮ ಮಾವನನ್ನು ಓಡಾಡಿಸುತ್ತಿದೆ. ಮಾವನಿಗೆ ಇದನ್ನು ಹೇಳಿದೆ. "ಇರ್ಲಿ ಬಿಡಪ್ಪ, ನಿದ್ದೆ ಚೆನ್ನಾಗಿ ಬರುತ್ತೆ" ಅಂದರು. ನಾನು ಸುಮ್ಮನಾದೆ.

ಹಾಗಾದರೆ ಫೋನ್ ಯಾಕೆ ಒಯ್ಯಬೇಕು? ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ದೇವರಾಯನದುರ್ಗಕ್ಕೆ ಹೋಗಿದ್ದೆವು. ಬೆಳಗ್ಗೆ ಕಾಲುದಾರಿ ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಂಜು ಇಳಿಯಿತು. ಹತ್ತು ಅಡಿ ಮುಂದಿನ ಗಿಡ ಕಾಣಿಸದು. ಕರಡಿ, ಚಿರತೆ ಇರುವ ಕಾಡು ಬೇರೆ. ವಾಪಸ್ ತಿರುಗಿದರೆ ಕಾಲುದಾರಿ ಎರಡಾಗಿತ್ತು. ಬರುವಾಗ ಒಂದೇ ಇತ್ತು ಅಂತ ನಾವು ಮೂವರೂ ಆಣೆ ಮಾಡಿ ಹೇಳಬಲ್ಲೆವು! ಆಗ ಚೀಲದಿಂದ ಫೋನ್ ತೆಗೆದೆ. ನಾವು ಬಂದ ಗೆರೆ ಮ್ಯಾಪಲ್ಲಿ ನೀಲಿಯಾಗಿ ಬಿದ್ದಿತ್ತು. ಎಡಗಡೆ ಅಂತ ನಾನು ವಾದ ಮಾಡ್ತಿದ್ದೆ, ಗೆರೆ ಬಲಗಡೆ ಇತ್ತು. ಇಪ್ಪತ್ತು ನಿಮಿಷದಲ್ಲಿ ರಸ್ತೆಗೆ ಬಿದ್ದೆವು.

ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ತುಂಬಾ ಜನಕ್ಕೆ ಗೊತ್ತಿಲ್ಲ, ಜಿಪಿಎಸ್‌ಗೆ ಸಿಮ್ ಸಿಗ್ನಲ್ ಬೇಕಿಲ್ಲ. ಮನೆಯಲ್ಲಿ ವೈಫೈ ಇದ್ದಾಗಲೇ ಆ ಜಾಗದ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಟವರ್ ಸಿಗದ ಕಡೆ ಫೋನು ಟವರ್ ಹುಡುಕಿ ಹುಡುಕಿಯೇ ಚಾರ್ಜ್ ಮುಗಿಸಿಕೊಳ್ಳುತ್ತೆ, ಅಲ್ಲಿ ಏರೋಪ್ಲೇನ್ ಮೋಡ್ ಹಾಕಿ. ಲೊಕೇಶನ್ ಆನ್ ಇದ್ದರೆ ಸಾಕು, ಗೆರೆ ಬೀಳುತ್ತಲೇ ಇರುತ್ತೆ. ಹೊರಡುವ ಮುಂಚೆ ಎಲ್ಲಿಗೆ ಹೋಗ್ತಿದ್ದೀವಿ, ಎಷ್ಟೊತ್ತಿಗೆ ಬರ್ತೀವಿ ಅಂತ ಮನೆಗೆ ಒಂದು ಮೆಸೇಜ್. ತೊಂದರೆ ಅಂದರೆ 112. ಇಷ್ಟು ಕೆಲಸಕ್ಕೆ ಫೋನಿನಂಥ ಜೊತೆಗಾರ ಇನ್ನೊಬ್ಬನಿಲ್ಲ.

ಗೆರೆ ನಂಬುತ್ತೀನಿ, ಆದರೆ ನಾನು ನಡೆದ ಗೆರೆ ಮಾತ್ರ. ಯಾರೋ ಹಾಕಿದ ಗೆರೆ ಡೌನ್‌ಲೋಡ್ ಮಾಡಿಕೊಂಡು ಅದರ ಹಿಂದೆ ಹೋಗೋದು ಬೇರೆ ವಿಷಯ. ಅವರು ಮಾರ್ಚ್‌ನಲ್ಲಿ ಹೋಗಿರುತ್ತಾರೆ, ನಾವು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಲಂಟಾನ ಎದೆಮಟ್ಟ ಬೆಳೆದಿರುತ್ತೆ, ಬಂಡೆ ಮೇಲೆ ಪಾಚಿ ಕಟ್ಟಿರುತ್ತೆ. ಅವರೂ ದಾರಿ ತಪ್ಪಿ ಸುತ್ತಾಡಿದ್ದರೆ ಆ ಸುತ್ತಾಟವೂ ಗೆರೆಯಾಗಿ ನಿಮಗೆ ಸಿಗುತ್ತೆ.

ಒಮ್ಮೆ ಒಂದು ಬೆಟ್ಟದ ಬುಡದಲ್ಲಿ ಹೀಗೇ ಗೆರೆ ಹಿಡಿದು ಹೊರಟಿದ್ದೆವು. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೂಗಿದರು, "ಆ ಕಡೆ ಹೋಗ್ಬ್ಯಾಡಿ ಸ್ವಾಮಿ, ಹೆಜ್ಜೇನು ಐತೆ. ನಿನ್ನೆ ಎದ್ದಿತ್ತು." ನನ್ನ ಗೆಳೆಯ ಫೋನ್ ತೋರಿಸಿ "ಇದರಲ್ಲಿ ದಾರಿ ಇದೆಯಲ್ಲ ಅಜ್ಜ" ಅಂದ. ಅವರು ಬಗ್ಗಿ ನೋಡಿ, "ಅದ್ರಾಗೆ ಜೇನು ಕಾಣ್ತದಾ?" ಅಂದರು. ನಾವು ಇನ್ನೊಂದು ಕಡೆಯಿಂದ ಹತ್ತಿದೆವು.

ಈಗ ನಾನು ನನ್ನ ಗೆರೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕೋದು ಬಿಟ್ಟಿದ್ದೇನೆ. ಮನೆ ಬಾಗಿಲಲ್ಲೇ ಸ್ಟಾರ್ಟ್ ಒತ್ತಿದರೆ ನಿಮ್ಮ ಮನೆ ಎಲ್ಲಿ, ನೀವು ಎಷ್ಟೊತ್ತಿಗೆ ಮನೆಯಲ್ಲಿರಲ್ಲ ಅಂತ ನೀವೇ ಊರಿಗೆಲ್ಲಾ ಹೇಳಿದ ಹಾಗೆ. 2018ರ ಜನವರಿಯಲ್ಲಿ ಸ್ಟ್ರಾವಾ ಅನ್ನುವ ಇಂಥದ್ದೇ ಆ್ಯಪ್‌ನ ಮ್ಯಾಪಿನಲ್ಲಿ ಸೈನಿಕರು ಜಾಗಿಂಗ್ ಮಾಡಿದ ಗೆರೆಗಳಿಂದಲೇ ಅಮೆರಿಕದ ಸೇನಾ ನೆಲೆಗಳು ಮರುಭೂಮಿ ಮಧ್ಯೆ ಎದ್ದು ಕಂಡಿದ್ದವು. ಸೈನಿಕರ ಗತಿಯೇ ಹಾಗಾದರೆ ಒಬ್ಬಳೇ ವಾಕಿಂಗ್ ಹೋಗುವ ಹುಡುಗಿಯ ಕಥೆ ಯೋಚಿಸಿ. ಶುರು ಮತ್ತು ಕೊನೆಯ ಜಾಗ ಮರೆ ಮಾಡುವ ಸೆಟ್ಟಿಂಗ್ ಈ ಥರದ ಎಷ್ಟೋ ಆ್ಯಪ್‌ಗಳಲ್ಲಿದೆ. ಇವತ್ತೇ ಹುಡುಕಿ ಆನ್ ಮಾಡಿ.

ಇನ್ನು ಬೆಟ್ಟದ ಪಾಡು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಂತೆಗಿಂತ ಜಾಸ್ತಿ ಜನ ಸಾಲು ನಿಂತ ಫೋಟೋ ನೋಡಿದ್ದೀರಲ್ಲ. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅಂತ ಮಿತಿ ತಂದಿತು. ನಾನಂತೂ ಆ ಮಿತಿಯ ಪರ. ಯಾರಿಗೂ ಗೊತ್ತಿಲ್ಲದ ಪುಟ್ಟ ಗುಡ್ಡವನ್ನು "ಹಿಡನ್ ಜೆಮ್" ಅಂತ ಗೆರೆ ಸಮೇತ ಹಾಕಿದರೆ ಮುಂದಿನ ವಾರ ಅಲ್ಲಿ ಚಿಪ್ಸ್ ಪ್ಯಾಕೆಟ್ ಬಿದ್ದಿರುತ್ತೆ. ನಾನೂ ಒಮ್ಮೆ ಹಾಕಿದ್ದೇನೆ. ಯಾವ ಗುಡ್ಡ ಅಂತ ಕೇಳಬೇಡಿ, ಎರಡನೇ ಸಲ ತಪ್ಪು ಮಾಡಲ್ಲ.

ಬರುವ ಭಾನುವಾರ ಸಿದ್ದರಬೆಟ್ಟಕ್ಕೆ ಹೊರಟಿದ್ದೇವೆ. ಬೆಳಗ್ಗೆ ಐದೂವರೆಗೆ ತುಮಕೂರು ಬಸ್ ಸ್ಟ್ಯಾಂಡ್. ಬರೋರು ಮೆಸೇಜ್ ಮಾಡಿ. ಎರಡು ಲೀಟರ್ ನೀರು ತನ್ನಿ. ಪವರ್ ಬ್ಯಾಂಕ್ ನಾನು ತರ್ತೀನಿ, ಚಿತ್ರಾನ್ನ ಯಾರಾದರೂ ಹೊತ್ಕೊಳ್ಳಿ. ವಾಪಸ್ ಬಸ್ ಹತ್ತಿದ ತಕ್ಷಣ "ಆ್ಯಪ್ ನಿಲ್ಲಿಸಿದ್ಯೇನೋ?" ಅಂತ ನನಗೆ ನೆನಪಿಸೋಕೆ ಒಬ್ಬರು ಬೇಕು. ಭಾಮೈದ ಇನ್ನೂ ಆ ಓಟದ ಬಗ್ಗೆಯೇ ಕೇಳ್ತಿದ್ದಾನೆ.